ಬಸ್ಸಲ್ಲಿ ಬ್ಯಾಗ್ ಉಳಿದ್ರೆ ಯಾರನ್ನ ಕೇಳ್ಬೇಕ್ರಿ?

ಚಿತ್ರದುರ್ಗದಿಂದ ದಾವಣಗೆರೆಗೆ ಬಂದಿಳಿಯೋವಾಗ ನಮ್ಮವ್ವನ ಬ್ಯಾಗ್ ಸೀಟಿನ ಮೇಲಿನ ಕ್ಯಾರಿಯರಲ್ಲೇ ಉಳೀತು, ಬಸ್ಸು ಹರಿಹರದ ಕಡೆ ಹೊರಟೇಹೋಯ್ತು. ಅದ್ರಲ್ಲಿ ಬಿಪಿ ಮಾತ್ರೆ, ಕನ್ನಡಕ, ಸ್ಕ್ಯಾನಿಂಗ್ ರಿಪೋರ್ಟ್ ಫೈಲು. ಕೌಂಟರಲ್ಲಿ ಕೇಳಿದ್ರೆ ಡಿಪೋಗೆ ಫೋನ್ ಮಾಡ್ರಿ ಅಂತಾರೆ, ಅಲ್ಲಿ ರಿಂಗಾಗ್ತಾನೇ ಇರುತ್ತೆ, ಕೊನೆಗೆ ಎತ್ತಿದವ್ರು ಆ ಗಾಡಿ ನಮ್ ಡಿಪೋದ್ದಲ್ಲ ಅಂತ ಇಟ್ಟೇಬಿಟ್ರು. ಅಲ್ರೀ, ಅವ್ವ ಟಿಕೆಟ್ ಮಡಚಿ ಕುಪ್ಪಸದೊಳಗೆ ಜೋಪಾನವಾಗಿ ಇಟ್ಕೊಂಡಿದ್ಲು, ಬೆವರಿಗೆ ಅಕ್ಷರ ಮಾಸಿದ್ರೂ ಗಾಡಿ ನಂಬರ್ ಚೆನ್ನಾಗೇ ಕಾಣ್ತಿತ್ತು, ಅದನ್ನ ಕೈಗೆ ತಗೊಂಡು ನೋಡೋಕೂ ಆಗ್ಲಿಲ್ವಾ? ಕಂಡಕ್ಟರ್‌ಗೆ ಒಂದು ಫೋನ್ ಹೋಗಿದ್ರೆ ರಾಣೆಬೆನ್ನೂರು ಮುಟ್ಟೋದ್ರೊಳಗೆ ಬ್ಯಾಗ್ ಕೆಳಗಿಳಿಸಿ ಇಟ್ಟಿರೋರು. ರೈಲಲ್ಲಾದ್ರೆ 139 ಅಂತ ಒಂದು ನಂಬರ್ ಇದೆ, ಕಂಪ್ಲೇಂಟ್ ಆದ್ರೂ ಬರ್ಕೊಳ್ತಾರೆ. ಬಸ್ಸಲ್ಲಿ ಓಡಾಡೋ ಜನ ಏನ್ ಪಾಪ ಮಾಡಿದ್ದಾರೆ? ಸಿಕ್ಕ ಸಾಮಾನು ಬರೆದಿಡೋಕೆ ಒಂದು ರಿಜಿಸ್ಟರ್, ಕೇಳಿದೋರಿಗೆ ನೋಡಿ ಹೇಳೋಕೆ ಒಬ್ಬ ಮನುಷ್ಯ, ಇಷ್ಟು ಮಾಡೋಕೆ ಯಾವ ದೊಡ್ಡ ಬಜೆಟ್ಟೂ ಬೇಡ. ಈಗ ಡಾಕ್ಟ್ರು ಹಳೇ ರಿಪೋರ್ಟ್ ಇಲ್ದಿದ್ರೆ ಮತ್ತೆ ಸ್ಕ್ಯಾನ್ ಮಾಡಿಸ್ರಿ ಅಂತಿದ್ದಾರೆ, ಆ ದುಡ್ಡು ಯಾರು ಕೊಡ್ತಾರೆ?