ಬೀಗದ ಕೈ ಯಾರ ಕೈಲಿತ್ತು?

ಕಳೆದ ವರ್ಷ ನಾನು ಎರಡು ಮನೆ ಮಾರಲು ಹೊರಟೆ. ಒಂದು ಟೆಕ್ಸಾಸ್‌ನ ಆಸ್ಟಿನ್ ಹತ್ತಿರ ನಾವು ವಾಸವಿದ್ದ ಮನೆ. ಇನ್ನೊಂದು ಕೋಲಾರದಲ್ಲಿ ಅಪ್ಪ ಕಟ್ಟಿಸಿದ ಮನೆ. ಮೊದಲನೆಯದು ಐದು ವಾರದಲ್ಲಿ ಮಾರಾಟವಾಯಿತು. ಎರಡನೆಯದು ಇನ್ನೂ ಹಾಗೇ ಇದೆ. ತಡವಾದದ್ದಕ್ಕೆ ನನಗೆ ಬೇಜಾರಿಲ್ಲ. ಆ ಮನೆಯ ಬೀಗದ ಕೈಯಿಂದ ಒಬ್ಬ ಹಿರಿಯರ ಮನಸ್ಸು ನೊಂದಿತು. ಅದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಆಸ್ಟಿನ್‌ನಲ್ಲಿ ನಮ್ಮ ಏಜೆಂಟ್ ಮೊದಲ ದಿನವೇ ಮುಂಬಾಗಿಲ ಹಿಡಿಗೆ ಒಂದು ಪೆಟ್ಟಿಗೆ ನೇತುಹಾಕಿದರು. ಅಂಗೈಯಷ್ಟು ಅಗಲ, ಒಳ್ಳೆ ತೂಕ. ಅಲ್ಲಿ ಅದಕ್ಕೆ ಲಾಕ್‌ಬಾಕ್ಸ್ ಅಂತಾರೆ. ಮನೆಯ ಕೀ ಅದರೊಳಗೆ. ಮನೆ ತೋರಿಸಲು ಬರುವ ಏಜೆಂಟ್ ತನ್ನ ಫೋನಿನ ಆ್ಯಪ್ ತೆರೆದು ತನ್ನ ಪಿನ್ ಒತ್ತಿದರೆ ಬ್ಲೂಟೂತ್ ಮೂಲಕ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಸುಪ್ರಾ, ಸೆಂಟ್ರಿಲಾಕ್ ಅನ್ನುವ ಎರಡು ಕಂಪನಿಗಳ ಹೆಸರು ಅಲ್ಲಿ ಜಾಸ್ತಿ ಕೇಳಿಬರುತ್ತವೆ. ಯಾರು ತೆಗೆದರು, ಎಷ್ಟು ಗಂಟೆಗೆ ತೆಗೆದರು ಅನ್ನುವುದೆಲ್ಲ ದಾಖಲಾಗಿ ನಮ್ಮ ಏಜೆಂಟ್‌ಗೆ ತಲುಪುತ್ತದೆ. ರಾತ್ರಿ ಹೊತ್ತು ತೆರೆಯದ ಹಾಗೆ ಸಮಯವನ್ನೂ ಕಟ್ಟಿಡಬಹುದು.

ಶುರುವಿನಲ್ಲಿ ನನಗೆ ಇದು ಹಿಡಿಸಲಿಲ್ಲ. ಯಾರೋ ಬರುತ್ತಾರೆ ಅಂತ ಮೆಸೇಜ್ ಬಂದ ಕೂಡಲೇ ಮನೆಯವರೇ ಮನೆ ಬಿಟ್ಟು ಹೋಗಬೇಕು. ಹೆಂಡತಿ ಒಡವೆ, ಔಷಧಿ, ಪಾಸ್‌ಪೋರ್ಟ್ ಎಲ್ಲ ಒಂದು ಚೀಲಕ್ಕೆ ತುಂಬಿ ಕಾರಿನಲ್ಲಿಟ್ಟುಕೊಳ್ಳುತ್ತಿದ್ದಳು. ಪಾರ್ಕಿನಲ್ಲಿ ಕಾರು ನಿಲ್ಲಿಸಿ ಮಕ್ಕಳ ಜೊತೆ ಕಾಯುತ್ತಿದ್ದೆವು. ಕೊನೆಗೆ ಮನೆ ಕೊಂಡವರ ಮುಖವನ್ನೂ ನಾವು ನೋಡಲಿಲ್ಲ. ಹಿತ್ತಲಲ್ಲಿ ಕುಂಡದಲ್ಲಿ ನೆಟ್ಟ ಕರಿಬೇವನ್ನು ಚಳಿಗಾಲದಲ್ಲಿ ಒಳಗೆ ತಂದಿಡಿ ಅಂತ ಒಂದು ಮಾತು ಹೇಳಬೇಕಿತ್ತು. ಹೇಳಲು ಆಗಲೇ ಇಲ್ಲ.

ಆದರೆ ಒಂದು ದಿನವೂ ಭಯ ಆಗಲಿಲ್ಲ. ಆ ಪೆಟ್ಟಿಗೆ ತೆರೆಯುವವರ ಹಿಂದೆ ಒಂದು ಲೈಸೆನ್ಸ್ ಇರುತ್ತದೆ. ಟೆಕ್ಸಾಸ್‌ನಲ್ಲಿ ಏಜೆಂಟ್ ಆಗಲು 180 ಗಂಟೆಯ ಪಾಠ ಮುಗಿಸಿ, ಪರೀಕ್ಷೆ ಪಾಸಾಗಿ, ಬೆರಳಚ್ಚು ಕೊಡಬೇಕು. ಅವರ ಲೈಸೆನ್ಸ್ ಊರ್ಜಿತ ಇದೆಯಾ ಅಂತ ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ನೋಡಬಹುದು. 2024ರ ಆಗಸ್ಟ್ 17ರಿಂದ ಇನ್ನೊಂದು ನಿಯಮವೂ ಬಂತು. ಏಜೆಂಟ್ ಜೊತೆ ಮನೆ ನೋಡಲು ಹೋಗುವ ಮುಂಚೆಯೇ ಕೊಳ್ಳುವವರು ಅವರೊಂದಿಗೆ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಬೇಕು. ಹಾಗಾಗಿ ಒಳಗೆ ಬಂದವರಿಗೆಲ್ಲ ಎಲ್ಲೋ ಒಂದು ಕಡೆ ಹೆಸರು, ಸಹಿ ಇರುತ್ತದೆ.

ಈಗ ಕೋಲಾರಕ್ಕೆ ಬರುತ್ತೇನೆ. ಅಮ್ಮ ಬೆಂಗಳೂರಿಗೆ ನನ್ನ ತಮ್ಮನ ಮನೆಗೆ ಹೋದ ಮೇಲೆ ನಮ್ಮ ಬೀಗದ ಕೈ ಪಕ್ಕದ ಮನೆ ದೊಡ್ಡಮ್ಮನ ಹತ್ತಿರ ಇತ್ತು. ರಕ್ತಸಂಬಂಧ ಏನಿಲ್ಲ. ನಲವತ್ತು ವರ್ಷದ ನೆರೆ. ಅವರ ದೇವರ ಮನೆಯ ಮೊಳೆಗೆ ನಮ್ಮ ಕೀಗೊಂಚಲು ನೇತಾಡುತ್ತಿತ್ತು. ಬ್ರೋಕರ್ ಬಂದು, "ಅಮ್ಮಾ, ಕೀ ಕೊಡಿ, ಹತ್ತು ನಿಮಿಷಕ್ಕೆ ತಂದ್ಕೊಡ್ತೀನಿ" ಅನ್ನುತ್ತಿದ್ದರು. ದೊಡ್ಡಮ್ಮ ಕೊಡುತ್ತಿದ್ದರು. ಹತ್ತು ನಿಮಿಷ ಕೆಲವು ಸಲ ಸಂಜೆಯವರೆಗೂ ಆಗುತ್ತಿತ್ತು. ಒಬ್ಬ ಬ್ರೋಕರ್ ಇನ್ನೊಬ್ಬರಿಗೆ ಹೇಳುತ್ತಿದ್ದರು, ಅವರು ಮತ್ತೊಬ್ಬರನ್ನು ಕರೆತರುತ್ತಿದ್ದರು. ಯಾರು ಬಂದರು, ಯಾವಾಗ ಹೋದರು ಅನ್ನುವುದನ್ನು ನಾವು ಯಾರೂ ಬರೆದಿಡಲಿಲ್ಲ.

ಆಮೇಲೆ ಬಚ್ಚಲಿನ ತಾಮ್ರದ ಹಂಡೆ ಕಾಣೆಯಾಯಿತು. ಅಮ್ಮ ತವರಿನಿಂದ ತಂದ ಹಂಡೆ ಅದು. ತಮ್ಮ ಫೋನ್ ಮಾಡಿ ದೊಡ್ಡಮ್ಮನನ್ನು ಕೇಳಿದ, "ಕೀ ಯಾರಿಗೆಲ್ಲ ಕೊಟ್ಟಿದ್ರಿ?" ಕೇಳಿದ್ದು ಇಷ್ಟೇ. ಆದರೆ ಅವರಿಗೆ ಅದು ಬೇರೆ ಥರ ಕೇಳಿಸಿತು. ಎರಡು ದಿನ ಬಿಟ್ಟು ನಾನು ಮಾತಾಡಿದಾಗ ಅವರ ಗಂಟಲು ಕಟ್ಟಿತ್ತು. "ನಾನೇ ತಗೊಂಡೆ ಅಂದ್ಕೊಂಡ್ರೇನೋ ಮಗಾ?" ಅಂದರು. ಏನು ಹೇಳಬೇಕೋ ತಿಳಿಯಲಿಲ್ಲ. ಹಂಡೆ ಮತ್ತೆ ಸಿಗಲಿಲ್ಲ. ದೊಡ್ಡಮ್ಮ ಕೀಗೊಂಚಲನ್ನು ತಮ್ಮನ ಕೈಗೆ ಕೊಟ್ಟುಬಿಟ್ಟರು.

ನಮ್ಮ ಕಡೆ ನಂಬಿಕೆ ಜಾಸ್ತಿ, ಅಮೆರಿಕದಲ್ಲಿ ಎಲ್ಲದಕ್ಕೂ ಯಂತ್ರ, ಲೆಕ್ಕ ಅಂತ ಹೊರಗಿರುವ ನಾವು ಆಗಾಗ ಹೇಳಿಕೊಳ್ಳುತ್ತೇವೆ. ನಾನೂ ಹೇಳಿದ್ದೇನೆ. ಹಂಡೆ ಹೋದ ಮೇಲೆ ಆ ಮಾತು ನನ್ನ ಬಾಯಿಗೆ ಬರುತ್ತಿಲ್ಲ. ನಾವು ದೊಡ್ಡಮ್ಮನನ್ನು ನಂಬಿದೆವು, ಸರಿ. ಆದರೆ ಕಾವಲನ್ನೂ ಹೊಣೆಯನ್ನೂ ಅವರ ತಲೆಗೆ ಕಟ್ಟಿ ಆರಾಮಾಗಿದ್ದೆವು. ಬಂದವರ ಹೆಸರು ಬರೆದ ಒಂದು ಪುಸ್ತಕ ಇದ್ದಿದ್ದರೆ, ತಮ್ಮ ಅದನ್ನು ತೆಗೆದು ನೋಡುತ್ತಿದ್ದ. ಅವರನ್ನು ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ, ಅಲ್ವಾ? ಆಸ್ಟಿನ್‌ನ ಪೆಟ್ಟಿಗೆ ಕಳ್ಳರಿಂದ ಕಾಪಾಡುತ್ತದೆ ಅಂತ ನಾನು ಅಂದುಕೊಂಡಿದ್ದೆ. ಅದು ಕೀ ಇಟ್ಟುಕೊಂಡವರ ಮರ್ಯಾದೆಯನ್ನೂ ಕಾಪಾಡುತ್ತದೆ ಅಂತ ನನಗೆ ತಿಳಿದದ್ದು ಕೋಲಾರದಲ್ಲಿ.

ಹಾಗಂತ ಅಲ್ಲಿಂದ ಒಂದು ಪೆಟ್ಟಿಗೆ ತಂದು ಗೇಟಿಗೆ ನೇತುಹಾಕಿದರೆ ಮುಗಿಯಲಿಲ್ಲ. ನಮ್ಮಲ್ಲಿ 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಬಂದ ಮೇಲೆ ಏಜೆಂಟರು ನೋಂದಣಿ ಮಾಡಿಸಬೇಕು, ನಿಜ. ಆದರೆ ಆ ನಿಯಮ ಇರುವುದು ರೇರಾದಲ್ಲಿ ನೋಂದಾಯಿಸಿದ ಪ್ರಾಜೆಕ್ಟ್‌ಗಳ ಸೈಟು, ಫ್ಲಾಟು ಮಾರುವವರಿಗೆ. ಪೇಟೆಯ ಹಳೇ ಮನೆ ತೋರಿಸುವ ಬ್ರೋಕರ್‌ಗೆ ಅದು ತಟ್ಟುವುದಿಲ್ಲ. ಹಾಗಾಗಿ ನಂಬರ್ ಹಾಕಿ ತೆರೆಯುವ ಪೆಟ್ಟಿಗೆ ಇಟ್ಟು ಆ ನಂಬರ್ ಒಬ್ಬರಿಗೆ ಕೊಟ್ಟರೆ ಸಂಜೆಯೊಳಗೆ ವಾಟ್ಸಾಪ್‌ನಲ್ಲಿ ಹತ್ತು ಜನಕ್ಕೆ ಹೋಗಿರುತ್ತದೆ. ನಾಲ್ಕಂಕಿಯ ಸಾದಾ ಪೆಟ್ಟಿಗೆಗೆ ಯಾರು ತೆರೆದರು ಅಂತ ನೆನಪಿಟ್ಟುಕೊಳ್ಳಲು ಬರುವುದಿಲ್ಲ.

ನಾವು ಕೊನೆಗೆ ಅಂಥ ಸಾದಾ ಪೆಟ್ಟಿಗೆಯನ್ನೇ ತಂದೆವು. ಆದರೆ ಅದಕ್ಕೆ ನಮ್ಮದೇ ಕಟ್ಟುಪಾಡು ಹಾಕಿಕೊಂಡೆವು. ಮೊದಲು ಬಾಗಿಲಿನ ಬೀಗವನ್ನೇ ಬದಲಿಸಿದೆವು. ಹಳೇ ಕೀಗೆ ಎಷ್ಟು ನಕಲಿ ಹುಟ್ಟಿದ್ದವೋ ಯಾರಿಗೆ ಗೊತ್ತು. ನೋಡಲು ಬರುವವರು ಬಾಗಿಲ ಮುಂದೆ ನಿಂತು ತಮ್ಮನಿಗೆ ವೀಡಿಯೊ ಕಾಲ್ ಮಾಡಬೇಕು. ಮುಖ ನೋಡಿ, ಹೆಸರು ಬರೆದುಕೊಂಡು ಅವನು ನಂಬರ್ ಹೇಳುತ್ತಾನೆ. ಕೀ ವಾಪಸ್ ಹಾಕಿದ್ದನ್ನು ತೋರಿಸಿ ಹೋಗಬೇಕು. ಶನಿವಾರ ಅವನೇ ಊರಿಗೆ ಹೋಗಿ ನಂಬರ್ ಬದಲಿಸಿ ಬರುತ್ತಾನೆ. ಒಬ್ಬ ಬ್ರೋಕರ್, "ಇಷ್ಟೆಲ್ಲ ಯಾಕೆ ಸಾರ್, ನಮ್ಮ ಮೇಲೆ ನಂಬಿಕೆ ಇಲ್ವಾ?" ಅಂದರಂತೆ. ನಿಮ್ಮ ಹೆಸರೂ ಕೆಡಬಾರದು ಅಂತಲೇ ಹೀಗೆ ಮಾಡಿದ್ದು ಅಂತ ತಮ್ಮ ಹೇಳಿದ. ಅವರು ಒಪ್ಪಿದರು, ಈಗಲೂ ಬರುತ್ತಾರೆ.

ಇಷ್ಟಾದರೂ ಪೆಟ್ಟಿಗೆಯಿಂದ ಆಗದ ಕೆಲಸ ಒಂದಿದೆ. ಕೋಲಾರದಲ್ಲಿ ಮನೆ ಕೊಳ್ಳುವವರು ರೂಮು, ಅಡುಗೆಮನೆ ನೋಡುವ ಮೊದಲೇ ನೀರು ಕೇಳುತ್ತಾರೆ. ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಬೇಸಿಗೆಯಲ್ಲಿ ಟ್ಯಾಂಕರ್ ಬೇಕಾ? 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೆರೆಗಳಿಗೆ ಬರಲು ಶುರುವಾಯಿತಲ್ಲ, ಆಮೇಲೆ ಈ ಬೀದಿಯ ಬೋರ್‌ವೆಲ್ ಹೇಗಿದೆ? ಇದನ್ನು ತಮ್ಮನೂ ಹೇಳಲಾರ, ಆಸ್ಟಿನ್‌ನಿಂದ ನಾನೂ ಹೇಳಲಾರೆ.

ಹೋದ ತಿಂಗಳು ಚಿಂತಾಮಣಿ ಕಡೆಯ ಗಂಡ ಹೆಂಡತಿ ಬಂದಿದ್ದರಂತೆ. ಕೀ ಪೆಟ್ಟಿಗೆಗೆ ಹಾಕಿ ತೋರಿಸಿದ ಮೇಲೆ ಸೀದಾ ಪಕ್ಕದ ಮನೆಯ ಬಾಗಿಲು ತಟ್ಟಿದರು. ದೊಡ್ಡಮ್ಮ ಅವರನ್ನು ಒಳಗೆ ಕರೆದು ಕೂರಿಸಿ, ಕಾಫಿ ಕೊಟ್ಟು, ನೀರಿನ ವಿಷಯ ಒಂದೂ ಬಿಡದೆ ಹೇಳಿದರಂತೆ. ರಾತ್ರಿ ನನಗೆ ಫೋನ್ ಬಂತು. "ಒಳ್ಳೇ ಜನ ಕಣೋ ಮಗಾ. ಅವರಿಗೇ ಕೊಡು."