ಚಿಕ್ಕಪ್ಪನ ಕಾಲೇ ಕೇಸ್ ಶೀಟ್

ನಾನು ಗೋಣಿಕೊಪ್ಪ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ಕಥೆ ಬರೆಯುವವನು ಅಂದುಕೊಳ್ಳಬೇಡಿ. ನಮ್ಮಲ್ಲಿ ತೋಟದ ಲೆಕ್ಕ ಬರೆಯುವವನಿಗೆ ಹಾಗನ್ನುತ್ತಾರೆ. ಬೆಳಗ್ಗೆ ಹಾಜರಿ, ಸಂಜೆ ತೂಕ, ಗೊಬ್ಬರ ಎಷ್ಟು ಚೀಲ ಇಳಿಯಿತು, ಡೀಸೆಲ್ ಎಷ್ಟು ಲೀಟರ್ ಹೋಯಿತು, ಎಲ್ಲ ಬರೆಯಬೇಕು. ಕೊಯ್ಲಿನ ದಿನಗಳಲ್ಲಿ ಒಬ್ಬರ ಹಣ್ಣು ಅರ್ಧ ಕಿಲೋ ಕಮ್ಮಿ ಬರೆದರೂ ಅಲ್ಲೇ ನಿಲ್ಲಿಸಿ ಕೇಳುತ್ತಾರೆ. ಕೇಳಬೇಕಾದ್ದೇ.

ಇನ್ನು ಮಳೆ ಲೆಕ್ಕದ ವಿಷಯ ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳಗ್ಗೆ ಎದ್ದು ಮಳೆಮಾಪಕ ನೋಡಿ, ಇಷ್ಟು ಇಂಚು ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು) ಅಂತ ಬರೆದ ಮೇಲೇ ಕಾಫಿ ಕುಡಿಯುವ ಮನೆಗಳು ಇಲ್ಲಿವೆ. ನಮ್ಮ ಸಾಹುಕಾರರ ಅಜ್ಜ ಬರೆದಿಟ್ಟ ಮಳೆ ಪುಸ್ತಕ ಇನ್ನೂ ಬೀರುವಿನಲ್ಲಿದೆ. ಕಾಫಿ ಹೂ ಅರಳಿಸುವ ಹೂಮಳೆ ಯಾವ ದಿನ ಬಿತ್ತು, ಎಷ್ಟು ಸೆಂಟ್ ಬಿತ್ತು, ಎಲ್ಲ ಸಿಗುತ್ತದೆ.

ಅಂಥ ಜಿಲ್ಲೆಯಲ್ಲಿ, ಹಾವು ಕಚ್ಚಿದ ಮನುಷ್ಯನಿಗೆ ಎಷ್ಟು ಸೀಸೆ ಔಷಧಿ ಹಾಕಿದೆವು ಅಂತ ಒಂದು ಚೀಟಿಯಲ್ಲಿ ಬರೆದು ಕಳಿಸಲು ಆಗಲಿಲ್ಲ.

ಹೋದ ತಿಂಗಳು, ಜೋರು ಮಳೆ. ಸಂಜೆ ಆರೂಕಾಲಿನ ಹೊತ್ತಿಗೆ ಚಿಕ್ಕಪ್ಪ ಸೌದೆ ಕೊಟ್ಟಿಗೆಗೆ ಹೋಗಿದ್ದಾರೆ. ಕಾಲಲ್ಲಿ ಹವಾಯಿ ಚಪ್ಪಲಿ. ಗಂಬೂಟು ಬಾಗಿಲ ಹಿಂದೆಯೇ ಇತ್ತು, ಆ ಮಾತು ಈಗ ಬೇಡ. ಸೌದೆ ಎಳೆದಾಗ ಕಚ್ಚಿತು. ಟಾರ್ಚ್ ಬೆಳಕಲ್ಲಿ ಅವರೇ ನೋಡಿದ್ದಾರೆ, ಕೊಳಕುಮಂಡಲ. ಪಕ್ಕದ ಮನೆಯವರ ಜೀಪಿನಲ್ಲಿ ಹಾಕಿಕೊಂಡು ಹೋದೆವು. ಏಳು ಗಂಟೆಗೆ ಆಸ್ಪತ್ರೆಯಲ್ಲಿದ್ದೆವು.

ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ. ಯಾಕೆಂದರೆ ಅಲ್ಲಿನ ಡ್ಯೂಟಿ ಡಾಕ್ಟ್ರು ಒಂದು ನಿಮಿಷ ಕೂಡ ಹಾಳು ಮಾಡಲಿಲ್ಲ. ನೋಡಿದ ಕೂಡಲೇ ರಕ್ತ ತೆಗೆದು ಗಾಜಿನ ಟ್ಯೂಬಿಗೆ ಹಾಕಿ ಇಟ್ಟರು. ಅಲ್ಲಾಡಿಸದೆ 20 ನಿಮಿಷ ಬಿಟ್ಟು ನೋಡಿದರೆ ರಕ್ತ ಹೆಪ್ಪುಗಟ್ಟಿರಲಿಲ್ಲ. ವಿಷ ಏರಿದೆ ಅಂತ ಅರ್ಥ. ಪ್ರತಿವಿಷ ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಚಿಕ್ಕಪ್ಪನಿಗೆ ನಡುಕ, ಮೈಯೆಲ್ಲ ದದ್ದು. ಡ್ರಿಪ್ ನಿಲ್ಲಿಸಿ, ತೊಡೆಗೆ ಒಂದು ಇಂಜೆಕ್ಷನ್ ಕೊಟ್ಟು, ಮತ್ತೆ ಶುರು ಮಾಡಿದರು. ಇದೆಲ್ಲ ನಾನು ಬಾಗಿಲ ಸಂದಿಯಿಂದ ನೋಡಿದ್ದು. ಇದ್ದವರು ಒಬ್ಬರು ಡಾಕ್ಟ್ರು, ಒಬ್ಬರು ಸಿಸ್ಟರ್. ಆಚೆ ಮಂಚದಲ್ಲಿ ಬೈಕಿನಿಂದ ಬಿದ್ದವನೊಬ್ಬ, ಈಚೆ ಉಬ್ಬಸದ ಅಜ್ಜಿ. ಆ ಸಿಸ್ಟರ್ ಮೇಲೆ ನನಗೆ ಸಿಟ್ಟಿಲ್ಲ. ಎರಡು ಕೈಯಲ್ಲಿ ಮೂರು ಜನರನ್ನು ನೋಡುವವರು ಬರೆಯುವುದು ಯಾವಾಗ?

ಆದರೂ ಆಕೆ ಒಂದು ಕೆಲಸ ಮಾಡಿದರು. ಬಾಲ್ ಪೆನ್ ತೆಗೆದು ಚಿಕ್ಕಪ್ಪನ ಕಾಲಿನ ಮೇಲೆ, ಊತ ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಒಂದು ಗೆರೆ ಎಳೆದು, ಪಕ್ಕದಲ್ಲಿ 7.40 ಅಂತ ಬರೆದರು. ಈ ಗೆರೆ ನೆನಪಿಟ್ಟುಕೊಳ್ಳಿ.

ಮೂತ್ರದಲ್ಲಿ ರಕ್ತ ಕಾಣಿಸಿತು. ಡಯಾಲಿಸಿಸ್ ಬೇಕಾಗಬಹುದು, ಮೈಸೂರಿಗೆ ಹೋಗಿ ಅಂದರು. ಒಂಬತ್ತೂವರೆಗೆ ಆಂಬ್ಯುಲೆನ್ಸ್ ಹೊರಟಿತು. ತಿತಿಮತಿ, ಆನೆಚೌಕೂರು, ಹುಣಸೂರು. ಕಾಡಿನ ರಸ್ತೆ, ಮಳೆ, ಮುಂದೆ ಎರಡು ಮಾರು ಕಾಣುತ್ತಿರಲಿಲ್ಲ. ನನ್ನ ಜೇಬಿನಲ್ಲಿ ಮಡಿಸಿದ ರೆಫರ್ ಚೀಟಿ. ದಾರಿಯಲ್ಲಿ ಒಮ್ಮೆಯೂ ಅದನ್ನು ಬಿಡಿಸಿ ನೋಡಲಿಲ್ಲ. ಡಾಕ್ಟ್ರು ಬರೆದಿದ್ದಾರಲ್ಲ, ಎಲ್ಲ ಇರುತ್ತದೆ ಅಂತ ಧೈರ್ಯ. ರೈಟರ್ ಆಗಿ ಇಷ್ಟು ವರ್ಷ ದುಡಿದವನು ಒಮ್ಮೆ ಓದಿ ನೋಡಬೇಕಿತ್ತು. ನನ್ನ ತಪ್ಪೂ ಇದೆ.

ಮೈಸೂರು ಮುಟ್ಟಿದಾಗ ಹನ್ನೆರಡು ಗಂಟೆ. ಅಲ್ಲಿನ ಡಾಕ್ಟರಮ್ಮ ಚೀಟಿ ಬಿಡಿಸಿದರು. ಹಿಂದೆ ತಿರುಗಿಸಿದರು. ಮತ್ತೆ ಮುಂದೆ ತಿರುಗಿಸಿದರು.

"ಇಷ್ಟೇನಾ?"

ಅದರಲ್ಲಿದ್ದದ್ದು ಇಷ್ಟೇ. ಹೆಸರು, ವಯಸ್ಸು, ಹಾವು ಕಡಿತ, ಹೆಚ್ಚಿನ ಚಿಕಿತ್ಸೆಗೆ ಕಳುಹಿಸಿದೆ. ಕೆಳಗೆ ಸೀಲು. ಸೀಲು ಮಾತ್ರ ಸ್ಪಷ್ಟವಾಗಿತ್ತು.

ಆಮೇಲೆ ಪ್ರಶ್ನೆಗಳ ಸುರಿಮಳೆ. ಎಷ್ಟು ವಯಲ್ ಹಾಕಿದ್ದಾರೆ? ಎಷ್ಟು ಗಂಟೆಗೆ ಶುರು ಮಾಡಿದರು? ರಿಯಾಕ್ಷನ್ ಆಯಿತಾ? ಆದದ್ದಕ್ಕೆ ಏನು ಕೊಟ್ಟರು? ಧನುರ್ವಾಯುವಿನ ಟಿಟಿ ಇಂಜೆಕ್ಷನ್ ಆಗಿದೆಯಾ? ಕಚ್ಚಿದ್ದು ಯಾವ ಕಾಲಿಗೆ? ಕೊನೆಯದು ನಗು ಬರುವಂಥ ಪ್ರಶ್ನೆ ಅನ್ನಿಸಬಹುದು. ಆದರೆ ಬಲಗಾಲಿನ ಕಚ್ಚಿದ ಜಾಗದಿಂದಲೂ ರಕ್ತ ಜಿನುಗುತ್ತಿತ್ತು, ಎಡಗಾಲಿನ ಜಿಗಣೆ ಗಾಯದಿಂದಲೂ ರಕ್ತ ಜಿನುಗುತ್ತಿತ್ತು. ಮೈಸೂರಿನವರಿಗೆ ಅದು ಹೇಗೆ ಗೊತ್ತಾಗಬೇಕು?

ನಾನು ಬಾಯಿಗೆ ಬಂದದ್ದು ಹೇಳಿದೆ. ಸಣ್ಣ ಸೀಸೆಗಳು, ಒಳಗೆ ಬಿಳಿ ಪುಡಿ, ಕಲಸಿ ಡ್ರಿಪ್ಪಿಗೆ ಹಾಕಿದರು. ಎಷ್ಟು? ಎಂಟೋ ಹತ್ತೋ. ಅರ್ಧ ಕಿಲೋ ಹಣ್ಣಿನ ಲೆಕ್ಕ ತಪ್ಪದವನು ಚಿಕ್ಕಪ್ಪನ ಜೀವದ ಲೆಕ್ಕಕ್ಕೆ ಎಂಟೋ ಹತ್ತೋ ಅಂದೆ. ನಾಚಿಕೆಯಾಯಿತು. ನಾಚಿಕೆ ಪಡಬೇಕಾದವರು ಯಾರು ಅನ್ನುವುದು ಆಮೇಲೆ ಹೊಳೆಯಿತು.

ಸಮಯ ಯಾಕೆ ಅಷ್ಟು ಮುಖ್ಯ ಅಂತ ಆ ಡಾಕ್ಟರಮ್ಮನೇ ಹೇಳಿದರು. ಪ್ರತಿವಿಷ ಹೋಗಿ ವಿಷವನ್ನು ಕಟ್ಟಿಹಾಕಿದರೂ ರಕ್ತ ತಕ್ಷಣ ಸರಿಯಾಗುವುದಿಲ್ಲ. ಹೆಪ್ಪುಗಟ್ಟಿಸುವ ಅಂಶಗಳನ್ನು ಲಿವರ್ ಮತ್ತೆ ತಯಾರಿಸಬೇಕು. ಅದಕ್ಕೆ ಸುಮಾರು 6 ಗಂಟೆ ಹಿಡಿಯುತ್ತದೆ. ಅದಕ್ಕೇ 6 ಗಂಟೆಗೊಮ್ಮೆ ಟ್ಯೂಬಿನ ಪರೀಕ್ಷೆ ಮಾಡಿ ಇನ್ನೊಂದು ಸುತ್ತು ಬೇಕಾ ಅಂತ ನಿರ್ಧರಿಸುತ್ತಾರೆ. ಮೊದಲ ಸುತ್ತು ಶುರುವಾದ ಹೊತ್ತೇ ಗೊತ್ತಿಲ್ಲದಿದ್ದರೆ 6 ಗಂಟೆ ಎಲ್ಲಿಂದ ಎಣಿಸುವುದು? ಬೇಗ ಹಾಕಿದರೆ ಔಷಧಿ ದಂಡ, ಮತ್ತೆ ರಿಯಾಕ್ಷನ್ ಭಯ. ತಡ ಮಾಡಿದರೆ ಮನುಷ್ಯನೇ ಕೈ ಬಿಟ್ಟು ಹೋಗಬಹುದು.

ಮೊದಲ ಆಸ್ಪತ್ರೆಗೆ ಫೋನ್ ಮಾಡಿದರು. ರಿಂಗ್ ಆಗಿ ಆಗಿ ನಿಂತಿತು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಮಳೆಯ ಮರ್ಜಿ, ಗೊತ್ತಲ್ವಾ. ಕೊನೆಗೂ ಯಾರೋ ಎತ್ತಿದರೆ, "ನಮ್ಮದು ನೈಟ್ ಡ್ಯೂಟಿ, ಸಂಜೆ ಇದ್ದ ಸಿಸ್ಟರ್ ಮನೆಗೆ ಹೋದರು" ಅನ್ನುವ ಉತ್ತರ.

ಆಗ ಡಾಕ್ಟರಮ್ಮ ಹೊದಿಕೆ ಸರಿಸಿ ಕಾಲು ನೋಡಿದರು. ಪೆನ್ನಿನ ಗೆರೆ. 7.40. ಒದ್ದೆಗೆ 7 ಅರ್ಧ ಅಳಿಸಿಹೋಗಿತ್ತು, 40 ಉಳಿದಿತ್ತು. ಊತ ಗೆರೆ ದಾಟಿ ನಾಲ್ಕು ಬೆರಳು ಮೇಲೆ ಹೋಗಿತ್ತು. ಅಷ್ಟರಲ್ಲಿ ನನಗೂ ನೆನಪಾಯಿತು. ಬೆಂಗಳೂರಿನಲ್ಲಿರುವ ತಂಗಿಗೆ ವಾಟ್ಸಾಪ್ ಮಾಡಲು ಒಂದು ಫೋಟೋ ತೆಗೆದಿದ್ದೆ. ಅದರಲ್ಲಿ ಡ್ರಿಪ್ ತೂಗುತ್ತಿತ್ತು. ಸಮಯ 7.52. ಹಾಗಾದರೆ ಹೆಚ್ಚು ಕಮ್ಮಿ ಏಳೂವರೆಗೆ ಶುರು, ಒಂದೂವರೆಗೆ ಪರೀಕ್ಷೆ ಅಂತ ಲೆಕ್ಕ ಹಾಕಿದರು.

ಜಿಲ್ಲೆ ದಾಟಿ ಬಂದ ರೋಗಿಯ ದಾಖಲೆ ಅಂದರೆ ಇದು. ಚರ್ಮದ ಮೇಲೆ ಒಂದು ಗೆರೆ, ಮೊಬೈಲಿನಲ್ಲಿ ಒಂದು ಫೋಟೋ.

ಚಿಕ್ಕಪ್ಪ ಉಳಿದರು. ಒಂಬತ್ತು ದಿನ ಆಸ್ಪತ್ರೆ, ಡಯಾಲಿಸಿಸ್ ಬೇಕಾಗಲಿಲ್ಲ. ದೇವರು ದೊಡ್ಡವನು. ಈಗ ಕಥೆಯ ಎರಡನೇ ಭಾಗ.

ಇನ್ಶೂರೆನ್ಸ್‌ನವರಿಗೆ ಮೊದಲು ಚಿಕಿತ್ಸೆ ಕೊಟ್ಟ ಆಸ್ಪತ್ರೆಯ ಕಾಗದ ಬೇಕಂತೆ. ಹೋದೆ. ರಿಜಿಸ್ಟರ್‌ನಲ್ಲಿ ಹೆಸರೇ ಸಿಗಲಿಲ್ಲ. ಹುಡುಕಿ ಹುಡುಕಿ ನೋಡಿದರೆ, ಮನೆ ಹೆಸರು ಬಿಟ್ಟಿದ್ದಾರೆ. ಕೊಡಗಿನಲ್ಲಿ ಮನೆ ಹೆಸರು ಬಿಟ್ಟರೆ ಮನುಷ್ಯ ಯಾರು ಅಂತ ಹೇಳುವುದು? ಅದೇ ಹೆಸರಿನವರು ನಮ್ಮ ಊರೊಂದರಲ್ಲೇ ನಾಲ್ಕು ಜನ ಇದ್ದಾರೆ. 62 ವಯಸ್ಸಿನ ಚಿಕ್ಕಪ್ಪನನ್ನು 26 ಮಾಡಿದ್ದಾರೆ. ಚಿಕ್ಕಮ್ಮ ಒಬ್ಬರೇ ಇದನ್ನು ಕೇಳಿ ನಕ್ಕಿದ್ದು.

ಕೇಸ್ ಶೀಟ್ ಕೇಳಿದೆ. "ಅವರು ಅಡ್ಮಿಟ್ ಆಗಲೇ ಇಲ್ಲವಲ್ಲ, ಕ್ಯಾಶುವಾಲಿಟಿಯಿಂದಲೇ ಹೋದರು" ಅಂದರು. ವೈದ್ಯಕೀಯ ಪರಿಷತ್ತಿನ 2002ರ ನಿಯಮದಲ್ಲಿ ಒಳರೋಗಿಗಳ ದಾಖಲೆ 3 ವರ್ಷ ಇಡಬೇಕು, ಕೇಳಿದವರಿಗೆ 72 ಗಂಟೆಯೊಳಗೆ ಕೊಡಬೇಕು ಅಂತ ಇದೆ. ಓದಿಕೊಂಡೇ ಹೋಗಿದ್ದೆ. ಆದರೆ ಒಳರೋಗಿ ಅನ್ನುವ ಆ ಒಂದು ಪದದಲ್ಲಿ ನನ್ನನ್ನು ಹಿಡಿದುಬಿಟ್ಟರು. ಎರಡೂವರೆ ಗಂಟೆ ಮಂಚದ ಮೇಲೆ ಸಾವು ಬದುಕಿನ ನಡುವೆ ಮಲಗಿದ್ದವರು ಒಳಗಿನವರೂ ಅಲ್ಲ, ಹೊರಗಿನವರೂ ಅಲ್ಲ. ಹೊಸ್ತಿಲ ಮೇಲಿನವರು.

ಆದರೆ ಆ ರಾತ್ರಿ ನನ್ನಿಂದ ಏನೇನು ಬರೆಸಿಕೊಂಡರು ಗೊತ್ತಾ? ಆಧಾರ್ ನಂಬರ್, ರೇಷನ್ ಕಾರ್ಡ್ ಯಾವುದು, ಮೊಬೈಲ್ ನಂಬರ್. ಚಿಕ್ಕಪ್ಪನ ಬಳಿ 14 ಅಂಕಿಯ ಆಭಾ ಕಾರ್ಡ್ ಕೂಡ ಇದೆ. ಯಾವ ಆಸ್ಪತ್ರೆಗೆ ಹೋದರೂ ದಾಖಲೆ ಹಿಂದೆಯೇ ಬರುತ್ತದೆ ಅಂತ ಹೇಳಿ ಮಾಡಿಸಿದ್ದು. ನಂಬರ್ ಮೈಸೂರಿಗೆ ಬಂತು, ದಾಖಲೆ ಬರಲಿಲ್ಲ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಕಡ್ಡಾಯವಾಗಿ ವರದಿ ಮಾಡಬೇಕು ಅಂತ ನಮ್ಮ ರಾಜ್ಯ ಸರ್ಕಾರ 2024ರಲ್ಲೇ ಹೇಳಿದೆ. ಒಳ್ಳೆಯದೇ. ಹಾಗಾದರೆ ಮೇಲಿನ ವರದಿಗೆ ಹೋದವರು ಯಾರು, ಮನೆ ಹೆಸರಿಲ್ಲದ ಆ 26ರ ಹುಡುಗನಾ?

ನಾನು ಕೇಳುತ್ತಿರುವುದು ಕಂಪ್ಯೂಟರ್ ಅಲ್ಲ. ರೆಫರ್ ಚೀಟಿಯಲ್ಲೇ ನಾಲ್ಕು ಖಾಲಿ ಗೆರೆ ಅಚ್ಚು ಹಾಕಿಸಿ. ಯಾವ ಔಷಧಿ, ಎಷ್ಟು, ಎಷ್ಟು ಗಂಟೆಗೆ, ಏನು ತೊಂದರೆ ಆಯಿತು. ಬರೆಯಲು ಸಿಸ್ಟರ್‌ಗೆ ಪುರುಸೊತ್ತಿಲ್ಲ ಅಂದರೆ ರಾತ್ರಿಗೆ ಇನ್ನೊಬ್ಬರನ್ನು ಹಾಕಿ. ನೂರು ಎಕರೆ ತೋಟಕ್ಕೆ ಒಬ್ಬ ರೈಟರ್ ಇಡುತ್ತಾರೆ. ಕ್ಯಾಶುವಾಲಿಟಿಗೆ ಒಬ್ಬರು ಬೇಡವಾ?

ಸೋಮವಾರ ಮತ್ತೆ ಬರಲು ಹೇಳಿದ್ದಾರೆ, ಇದು ನಾಲ್ಕನೇ ಸಲ. ಹೆಸರು ತಿದ್ದಲು ಅರ್ಜಿ, ಅರ್ಜಿಯ ಜೊತೆ ಆಧಾರ್ ಜೆರಾಕ್ಸ್, ಜೊತೆಗೆ ಚಿಕ್ಕಪ್ಪನೂ ಬರಬೇಕಂತೆ. ಅವರಿಗೆ ಇನ್ನೂ ಕಾಲೂರಿ ನಡೆಯಲು ಆಗುತ್ತಿಲ್ಲ. ನನಗೆ ಅರ್ಧ ದಿನದ ಸಂಬಳ ಹೋಗುತ್ತದೆ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ನಾನೇ ಗೈರು ಅಂತ ಬರೆದು ಹೊರಡಬೇಕು, ಸಮಯ ಹಾಕಿ.