ಸಾನಿಯಾ ಆಡಿದ ಡಬಲ್ಸ್ ಅನ್ನು ನಾವು ಸರಿಯಾಗಿ ನೋಡಲೇ ಇಲ್ಲ

ಸಾನಿಯಾ ಮಿರ್ಜಾ ಹೆಸರು ಬಂದಾಗಲೆಲ್ಲ ಒಂದು ಮಾತು ಹಿಂದೆಯೇ ಬರುತ್ತದೆ. "ಸಿಂಗಲ್ಸ್‌ನಲ್ಲಿ ಮುಂದೆ ಹೋಗೋಕಾಗ್ಲಿಲ್ಲ, ಅದಕ್ಕೇ ಡಬಲ್ಸ್ ಆಡಿದ್ರು." ಟೆನಿಸ್ ಗೊತ್ತಿಲ್ಲದವರು ಅಂದರೆ ಬಿಟ್ಟುಬಿಡಬಹುದು. ದಿನಾ ಬೆಳಿಗ್ಗೆ ರಾಕೆಟ್ ಹಿಡಿದು ಕೋರ್ಟಿಗೆ ಹೋಗುವವರೂ ಹೀಗೇ ಹೇಳುತ್ತಾರೆ. ಮೊನ್ನೆ ನನ್ನ ಅಕ್ಕನ ಮಗಳಿಗೆ ಅವಳ ಕೋಚ್ ಹೇಳಿದರಂತೆ: "ಈಗ ಸಿಂಗಲ್ಸ್ ಮೇಲೆ ಗಮನ ಕೊಡು, ಅದಾಗದಿದ್ರೆ ಡಬಲ್ಸ್ ಇದ್ದೇ ಇದೆ." ಹದಿಮೂರು ವರ್ಷದ ಹುಡುಗಿಗೆ ಈ ಮಾತು ಹೇಳಿದ್ದಕ್ಕೆ ನನಗೆ ನಿಜವಾಗಲೂ ಬೇಜಾರಾಯಿತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಸಾನಿಯಾ ಸಿಂಗಲ್ಸ್‌ನಲ್ಲಿ ಏನೂ ಮಾಡಲಿಲ್ಲ ಅನ್ನುವುದೇ ಮೊದಲು ಸುಳ್ಳು. 2005ರಲ್ಲಿ ಹೈದರಾಬಾದ್‌ನಲ್ಲಿ ಡಬ್ಲ್ಯುಟಿಎ (ಮಹಿಳೆಯರ ವೃತ್ತಿಪರ ಟೆನಿಸ್ ಟೂರ್) ಸಿಂಗಲ್ಸ್ ಪ್ರಶಸ್ತಿ ಗೆದ್ದರು. ಅದಕ್ಕೂ ಮುಂಚೆ ಭಾರತದ ಯಾವ ಹೆಣ್ಣುಮಗಳೂ ಅದನ್ನು ಗೆದ್ದಿರಲಿಲ್ಲ. ಅದೇ ವರ್ಷ ಯುಎಸ್ ಓಪನ್‌ನಲ್ಲಿ ನಾಲ್ಕನೇ ಸುತ್ತಿನವರೆಗೂ ಹೋಗಿ ಶರಪೋವಾಗೆ ಸೋತರು. 2007ರಲ್ಲಿ ವಿಶ್ವದ 27ನೇ ಸ್ಥಾನ. ಆಮೇಲೆ ಮಣಿಕಟ್ಟು ಕೈಕೊಟ್ಟಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಪಂದ್ಯವನ್ನು ಅರ್ಧಕ್ಕೇ ಬಿಡಬೇಕಾಯಿತು. ಮಣಿಕಟ್ಟಿಗೆ ಆಪರೇಷನ್, ಮಂಡಿಗೆ ಆಪರೇಷನ್. ಕೊನೆಗೆ 2013ರಲ್ಲಿ ಸಿಂಗಲ್ಸ್ ನಿಲ್ಲಿಸಿದರು.

ಮೈ ಸೋತಿದ್ದು ನಿಜ. ಆದರೆ ಅಲ್ಲಿಂದ ಮುಂದೆ ಆದದ್ದನ್ನು ನಾವು ಸಮಾಧಾನದ ಬಹುಮಾನ ಅನ್ನೋ ಥರ ನೋಡುತ್ತೇವಲ್ಲ, ನನ್ನ ತಕರಾರು ಅದಕ್ಕೆ.

ಅವರ ಆಟವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಫೋರ್‌ಹ್ಯಾಂಡ್ ಅಂದರೆ ಫೋರ್‌ಹ್ಯಾಂಡ್. ಮಣಿಕಟ್ಟು ಕೊನೇ ಕ್ಷಣದಲ್ಲಿ ತಿರುಗುತ್ತಿತ್ತು, ಚೆಂಡು ಯಾವ ಕಡೆ ಹೋಗುತ್ತದೆ ಅಂತ ಎದುರಾಳಿಗೆ ಗೊತ್ತಾಗುವಷ್ಟರಲ್ಲಿ ಅದು ದಾಟಿ ಹೋಗಿರುತ್ತಿತ್ತು. ಎರಡನೇ ಸರ್ವ್ ಮಾತ್ರ ಮೆತ್ತಗೆ. ಓಟವೂ ಚುರುಕಿರಲಿಲ್ಲ. ಸಿಂಗಲ್ಸ್‌ನಲ್ಲಿ ದೊಡ್ಡ ಆಟಗಾರ್ತಿಯರು ಅವರನ್ನು ಆ ಮೂಲೆಗೆ, ಈ ಮೂಲೆಗೆ ಓಡಿಸಿ ಓಡಿಸಿಯೇ ಸೋಲಿಸುತ್ತಿದ್ದರು.

ಡಬಲ್ಸ್‌ನಲ್ಲಿ ಲೆಕ್ಕವೇ ಬೇರೆ. ಸಿಂಗಲ್ಸ್ ಕೋರ್ಟಿನ ಅಗಲ 27 ಅಡಿ, ಒಬ್ಬರೇ ಕಾಯಬೇಕು. ಡಬಲ್ಸ್‌ನಲ್ಲಿ ಎರಡೂ ಬದಿಯ ಟ್ರ್ಯಾಮ್‌ಲೈನ್ (ಅಂಚಿನ ಪಟ್ಟಿ) ಸೇರಿ 36 ಅಡಿ, ಇಬ್ಬರು ಕಾಯುತ್ತಾರೆ. ಒಬ್ಬರ ಪಾಲಿಗೆ 18 ಅಡಿ. ಓಡಾಟ ಕಡಿಮೆ ಆಯಿತು, ಹಾಗಾದರೆ ಸುಲಭ ಅಲ್ವಾ ಅಂತ ಕೇಳಬಹುದು. ಸುಲಭ ಅಲ್ಲ, ಕಷ್ಟ ಬೇರೆ ಕಡೆಗೆ ಹೋಗುತ್ತದೆ. ಎದುರಿಗೆ ನೆಟ್ ಹತ್ತಿರ ಒಬ್ಬಳು ನಿಂತಿರುತ್ತಾಳೆ. ನೀವು ರಿಟರ್ನ್ (ಸರ್ವ್‌ಗೆ ಮರುಹೊಡೆತ) ಹೊಡೆಯುವ ಮೊದಲೇ ಅವಳು ಬೆನ್ನ ಹಿಂದೆ ಬೆರಳಿನಲ್ಲಿ ಸನ್ನೆ ಮಾಡಿ, ಸರ್ವ್ ಎಲ್ಲಿ ಬೀಳಬೇಕು, ತಾನು ಯಾವ ಕಡೆ ನುಗ್ಗುತ್ತೇನೆ ಅಂತ ಜೊತೆಗಾರ್ತಿಗೆ ತಿಳಿಸಿರುತ್ತಾಳೆ. ನಿಮ್ಮ ರಿಟರ್ನ್ ಒಂದು ಗೇಣು ಎತ್ತರ ಬಂದರೆ ಸಾಕು, ಅವಳು ಅಡ್ಡ ಬಂದು ನಿಮ್ಮ ಕಾಲ ಬುಡಕ್ಕೇ ಹೊಡೆದು ಮುಗಿಸುತ್ತಾಳೆ. ಚೆಂಡು ನೆಟ್‌ಗೆ ಸವರಿಕೊಂಡು ಹೋಗಬೇಕು, ಅವಳ ಕೈಗೆ ಸಿಗಬಾರದು, ವೇಗವೂ ಇರಬೇಕು. ಇಷ್ಟೆಲ್ಲ ಯೋಚಿಸಲು ಒಂದು ಸೆಕೆಂಡೂ ಇಲ್ಲ.

ಸಾನಿಯಾ ಅವರ ರಿಟರ್ನ್ ಅಲ್ಲೇ ಕೆಲಸ ಮಾಡಿತು. ಸರ್ವ್ ಮಾಡಿದವಳು ಕಾಲೂರುವ ಮೊದಲೇ ಅವಳ ಪಾದದ ಹತ್ತಿರ ಚೆಂಡು. ಅವಳು ಹೇಗೋ ಎತ್ತಿ ಹಾಕುತ್ತಾಳೆ. ಆ ಎತ್ತಿದ ಚೆಂಡಿಗೆ ಸಾನಿಯಾ ಅವರ ಜೊತೆಗಾರ್ತಿ ನೆಟ್ ಹತ್ತಿರ ಕಾಯುತ್ತಿರುತ್ತಾಳೆ. ಟಿವಿಯಲ್ಲಿ ಚಪ್ಪಾಳೆ ಬೀಳುವುದು ಆ ಕೊನೆಯ ವಾಲಿಗೆ (ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವುದು). ಪಾಯಿಂಟ್ ಗೆದ್ದದ್ದು ಅದಕ್ಕೂ ಎರಡು ಹೊಡೆತ ಹಿಂದೆ.

ಇನ್ನೂ ಒಂದು ವಿಷಯ. ಗ್ರ್ಯಾಂಡ್‌ಸ್ಲಾಮ್‌ಗಳನ್ನು (ವಿಂಬಲ್ಡನ್ ಥರದ ನಾಲ್ಕು ದೊಡ್ಡ ಟೂರ್ನಿ) ಬಿಟ್ಟರೆ ಟೂರ್‌ನ ಡಬಲ್ಸ್‌ನಲ್ಲಿ ಡ್ಯೂಸ್ (40-40) ಆದರೆ ಅಡ್ವಾಂಟೇಜ್ (ಸತತ ಎರಡು ಪಾಯಿಂಟ್ ಗೆಲ್ಲುವ ಲೆಕ್ಕ) ಇಲ್ಲ, ಒಂದೇ ಪಾಯಿಂಟ್‌ಗೆ ಗೇಮ್ ಮುಗಿಯುತ್ತದೆ. ಆ ಪಾಯಿಂಟ್‌ಗೆ ಯಾರು ರಿಟರ್ನ್ ಮಾಡಬೇಕು ಅಂತ ರಿಟರ್ನ್ ಮಾಡುವ ಜೋಡಿಯೇ ಆರಿಸಿಕೊಳ್ಳುತ್ತದೆ. ಒಂದೊಂದು ಸೆಟ್ ಆದರೆ ಮೂರನೇ ಸೆಟ್ ಬದಲು 10 ಪಾಯಿಂಟ್‌ನ ಟೈಬ್ರೇಕ್. ಹತ್ತು ನಿಮಿಷ ಮನಸ್ಸು ಅಲುಗಿದರೆ ಪಂದ್ಯ ಹೋಯಿತು. ಹೀಗಿರುವಾಗ 43 ಡಬಲ್ಸ್ ಪ್ರಶಸ್ತಿ ಗೆಲ್ಲುವುದು, 91 ವಾರ ನಂಬರ್ ಒನ್ ಆಗಿರುವುದು ಅಂದರೆ ಏನು ಅಂತ ಯೋಚಿಸಿ.

ಡಬಲ್ಸ್ ಆಟಗಾರ್ತಿಯ ಜೀವನದಲ್ಲಿ ನನಗೆ ಅತಿ ಕಷ್ಟ ಅನ್ನಿಸುವುದು ಜೋಡಿ ಹುಡುಕುವುದು. ಇಬ್ಬರ ರ‍್ಯಾಂಕಿಂಗ್ ಕೂಡಿಸಿದ ಮೇಲೆ ಡ್ರಾದಲ್ಲಿ (ಟೂರ್ನಿಯ ಪಂದ್ಯಪಟ್ಟಿಯಲ್ಲಿ) ಜಾಗ ಸಿಗುತ್ತದೋ ಇಲ್ಲವೋ ಗೊತ್ತಾಗುವುದು. ಒಬ್ಬರಿಗೆ ಗಾಯವಾದರೆ ಇನ್ನೊಬ್ಬರ ಕೆಲಸವೂ ನಿಂತಿತು. 2014ರಲ್ಲಿ ಸಾನಿಯಾ ಜಿಂಬಾಬ್ವೆಯ ಕಾರಾ ಬ್ಲ್ಯಾಕ್ ಜೊತೆ ಆಡುತ್ತಿದ್ದರು. ಸಿಂಗಾಪುರದ ಡಬ್ಲ್ಯುಟಿಎ ಫೈನಲ್ಸ್‌ಗೆ ಬರುವಷ್ಟರಲ್ಲಿ ಇದೇ ಕೊನೆ, ಮುಂದೆ ಜೊತೆಯಾಗಿ ಆಡುವುದಿಲ್ಲ ಅಂತ ತೀರ್ಮಾನವಾಗಿತ್ತು. ಸೆಮಿಫೈನಲ್‌ನಲ್ಲಿ ಇನ್ನೊಂದು ಪಾಯಿಂಟ್ ಹೋದರೆ ಸೋಲು ಅನ್ನುವಲ್ಲಿಂದ ಪಾರಾಗಿ ಗೆದ್ದರು. ಫೈನಲ್‌ನಲ್ಲಿ ಶೇ ಸು-ವೇ ಮತ್ತು ಪೆಂಗ್ ಶುವಾಯ್ ಅವರನ್ನು 6-1, 6-0ರಿಂದ ಸೋಲಿಸಿದರು. ಬೇರೆಯಾಗಲು ನಿರ್ಧರಿಸಿದ ಇಬ್ಬರು ಹೀಗೆ ಆಡುವುದಕ್ಕೆ ಎಷ್ಟು ದೊಡ್ಡ ಮನಸ್ಸು ಬೇಕು!

ಆಮೇಲೆ ಮಾರ್ಟಿನಾ ಹಿಂಗಿಸ್. 2015ರ ಮಾರ್ಚ್‌ನಲ್ಲಿ ಜೊತೆಯಾದರು. ಇಂಡಿಯನ್ ವೆಲ್ಸ್, ಮಯಾಮಿ, ಚಾರ್ಲ್ಸ್‌ಟನ್, ಮೂರಕ್ಕೆ ಮೂರೂ ಗೆದ್ದರು. ಚಾರ್ಲ್ಸ್‌ಟನ್ ಮುಗಿಯುತ್ತಿದ್ದಂತೆ ಸಾನಿಯಾ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆದರು. ಹಿಂಗಿಸ್ ಒಂದು ಕಾಲದ ಸಿಂಗಲ್ಸ್ ನಂಬರ್ ಒನ್, 1997ರ ವಿಂಬಲ್ಡನ್ ಚಾಂಪಿಯನ್. ಅವರಿಗೆ ಡಬಲ್ಸ್ ಕೀಳು ಅನ್ನಿಸಲಿಲ್ಲ. ಹಿಂದಿನಿಂದ ಸಾನಿಯಾ ಬೀಸುವುದು, ಮುಂದೆ ಹಿಂಗಿಸ್ ಆ ಪುಟ್ಟ ಕೈಚಳಕದಲ್ಲಿ ಮುಗಿಸುವುದು. ಜನ 'ಸಾಂಟಿನಾ' ಅಂತ ಹೆಸರಿಟ್ಟರು.

ಅವರಿಬ್ಬರ ಒಂದೇ ಪಂದ್ಯ ನೋಡುತ್ತೇನೆ ಅಂದರೆ 2015ರ ವಿಂಬಲ್ಡನ್ ಫೈನಲ್ ನೋಡಿ. ಎದುರಾಳಿಗಳು ರಷ್ಯಾದ ಮಕರೋವಾ ಮತ್ತು ವೆಸ್ನಿನಾ. ಈ ವೆಸ್ನಿನಾ ಬೇರೆ ಯಾರೋ ಅಲ್ಲ, 2011ರ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಸಾನಿಯಾ ಜೊತೆ ಆಡಿ ಸೋತವರು. ಡಬಲ್ಸ್‌ನಲ್ಲಿ ಹೀಗೇ, ನಿಮ್ಮ ದೌರ್ಬಲ್ಯವೆಲ್ಲ ಗೊತ್ತಿರುವವರೇ ಒಂದು ದಿನ ಎದುರು ನಿಲ್ಲುತ್ತಾರೆ. ಮೊದಲ ಸೆಟ್ 5-7 ಹೋಯಿತು. ಎರಡನೆಯದು ಟೈಬ್ರೇಕ್‌ನಲ್ಲಿ ಬಂತು. ಮೂರನೆಯದರಲ್ಲಿ 2-5 ಹಿಂದೆ. ಅಲ್ಲಿಗೆ ಮುಗಿಯಿತು ಅಂತಲೇ ನಾನಂದುಕೊಂಡೆ. ಅಲ್ಲಿಂದ ಒಂದೊಂದೇ ಗೇಮ್ ಎತ್ತಿ 5-5ಕ್ಕೆ ತಂದರು. ಅಷ್ಟರಲ್ಲಿ ಬೆಳಕು ಕಡಿಮೆಯಾಗಿ ಸೆಂಟರ್ ಕೋರ್ಟಿನ ಛಾವಣಿ ಮುಚ್ಚಲು ಆಟ ನಿಲ್ಲಿಸಿದರು. ಸಾಮಾನ್ಯವಾಗಿ ಇಂಥ ವಿರಾಮದಲ್ಲಿ ಹಿಂದಿನಿಂದ ಬಂದವರ ಬಿಸಿ ಆರುತ್ತದೆ. ಇವರದ್ದು ಆರಲಿಲ್ಲ. ದೀಪದ ಬೆಳಕಿನಲ್ಲಿ ಉಳಿದ ಎರಡೂ ಗೇಮ್ ಗೆದ್ದು 7-5. ಸಾನಿಯಾಗೆ ಮಹಿಳಾ ಡಬಲ್ಸ್‌ನಲ್ಲಿ ಅದೇ ಮೊದಲ ಗ್ರ್ಯಾಂಡ್‌ಸ್ಲಾಮ್.

ಅದರ ಬೆನ್ನಿಗೇ ಯುಎಸ್ ಓಪನ್, 2016ರ ಆಸ್ಟ್ರೇಲಿಯನ್ ಓಪನ್. ಸತತ 41 ಪಂದ್ಯ ಗೆದ್ದರು. 1990ರಲ್ಲಿ ಯಾನಾ ನೊವೊಟ್ನಾ ಮತ್ತು ಹೆಲೆನಾ ಸುಕೋವಾ 44 ಗೆದ್ದ ಮೇಲೆ ಇಷ್ಟು ಉದ್ದಕ್ಕೆ ಯಾವ ಜೋಡಿಯೂ ಹೋಗಿರಲಿಲ್ಲ. ನಂತರ 2016ರ ಆಗಸ್ಟ್‌ನಲ್ಲಿ ಬೇರೆಯಾದರು. ಬೇರೆಯಾದ ತಕ್ಷಣವೇ ಸಿನ್ಸಿನಾಟಿ ಫೈನಲ್‌ನಲ್ಲಿ ಇಬ್ಬರೂ ಎದುರುಬದುರು. ಸಾನಿಯಾ ಪಕ್ಕ ಬಾರ್ಬೊರಾ ಸ್ಟ್ರಿಕೋವಾ, ಹಿಂಗಿಸ್ ಪಕ್ಕ ಕೊಕೊ ವ್ಯಾಂಡವೆ. ಸಾನಿಯಾ ಗೆದ್ದರು. ಅಲ್ಲಿಯವರೆಗೆ ನಂಬರ್ ಒನ್ ಪಟ್ಟ ಇಬ್ಬರ ಹೆಸರಿನಲ್ಲೂ ಇತ್ತು, ಅವತ್ತು ಒಬ್ಬರದ್ದೇ ಆಯಿತು. "ಹಿಂಗಿಸ್ ಇದ್ದಿದ್ದಕ್ಕೆ ಗೆದ್ರು" ಅನ್ನುವವರಿಗೆ ನಾನು ಈ ಒಂದು ಪಂದ್ಯ ತೋರಿಸುತ್ತೇನೆ.

ದುಡ್ಡಿನ ವಿಷಯಕ್ಕೆ ಬರೋಣ. 2015ರ ವಿಂಬಲ್ಡನ್ ಸಿಂಗಲ್ಸ್ ಚಾಂಪಿಯನ್‌ಗೆ ಸಿಕ್ಕಿದ್ದು 18 ಲಕ್ಷ 80 ಸಾವಿರ ಪೌಂಡ್. ಮಹಿಳಾ ಡಬಲ್ಸ್ ಗೆದ್ದ ಜೋಡಿಗೆ 3 ಲಕ್ಷ 40 ಸಾವಿರ, ಅದೂ ಇಬ್ಬರಿಗೂ ಸೇರಿ. ಅಂದರೆ ಸಾನಿಯಾ ಪಾಲಿಗೆ 1 ಲಕ್ಷ 70 ಸಾವಿರ. ಸಿಂಗಲ್ಸ್‌ನ ಹನ್ನೊಂದನೇ ಒಂದು ಭಾಗವೂ ಇಲ್ಲ. ವಿಮಾನ, ಹೋಟೆಲ್, ಕೋಚ್, ಫಿಸಿಯೋ ಖರ್ಚು ಮಾತ್ರ ಯಾರಿಗೂ ಹನ್ನೊಂದನೇ ಒಂದು ಭಾಗ ಆಗುವುದಿಲ್ಲ. ಸಿಂಗಲ್ಸ್ ನೋಡಲು ಜನ ಜಾಸ್ತಿ ಬರುತ್ತಾರೆ, ಒಪ್ಪುತ್ತೇನೆ. ಆದರೆ ಡಬಲ್ಸ್ ಪಂದ್ಯಗಳನ್ನು ದೂರದ ಕೋರ್ಟಿಗೆ ಹಾಕಿ, ಟಿವಿಯಲ್ಲಿ ತೋರಿಸದೆ, ಜನ ನೋಡುವುದಿಲ್ಲ ಅಂದರೆ ಹೇಗೆ?

ನಮ್ಮ ದೇಶ ನಡೆಸಿಕೊಂಡ ರೀತಿಯೂ ಅಷ್ಟೇನೂ ಚೆನ್ನಾಗಿರಲಿಲ್ಲ. 2012ರ ಜೂನ್‌ನಲ್ಲಿ ಮಹೇಶ್ ಭೂಪತಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದು ಬಂದಿದ್ದರು. ಅದೇ ತಿಂಗಳು ಲಂಡನ್ ಒಲಿಂಪಿಕ್ಸ್ ಆಯ್ಕೆ. ಭೂಪತಿ ಮತ್ತು ಬೋಪಣ್ಣ ಲಿಯಾಂಡರ್ ಪೇಸ್ ಜೊತೆ ಆಡುವುದಿಲ್ಲ ಅಂದರು. ಜಗಳ ಗಂಡಸರದ್ದು. ಅದನ್ನು ಬಗೆಹರಿಸಲು ಟೆನಿಸ್ ಸಂಸ್ಥೆ ಸಾನಿಯಾ ಅವರನ್ನು ಪೇಸ್‌ಗೆ ಮಿಶ್ರ ಡಬಲ್ಸ್ ಜೋಡಿ ಮಾಡಿತು. ಗೆದ್ದ ಜೋಡಿ ಒಡೆಯಿತು. ಸಾನಿಯಾ ಸುಮ್ನಿರಲಿಲ್ಲ. ಮುನಿಸಿಕೊಂಡ ಹಿರಿಯರೊಬ್ಬರನ್ನು ಸಮಾಧಾನ ಮಾಡಲು ತನ್ನನ್ನು ಎರೆಯಾಗಿ ಬಳಸಿದರು ಅಂತ ಬರೆದು ಪ್ರಕಟಿಸಿದರು. ದೇಶಕ್ಕಾಗಿ ಯಾರ ಜೊತೆಯಾದರೂ ಆಡುತ್ತೇನೆ ಅಂತಲೂ ಹೇಳಿದರು, ಆಡಿದರು. ಕ್ವಾರ್ಟರ್‌ಫೈನಲ್‌ನಲ್ಲಿ ಸೋತರು. ಆ ಹೇಳಿಕೆ ನನಗೆ ಅವರ ಯಾವ ಟ್ರೋಫಿಗಿಂತಲೂ ಕಡಿಮೆ ಅಲ್ಲ.

2015ರಲ್ಲಿ ಸಾನಿಯಾಗೆ ಖೇಲ್ ರತ್ನ ಘೋಷಣೆಯಾದಾಗ ವಿಷಯ ನಮ್ಮ ಹೈಕೋರ್ಟ್‌ಗೇ ಬಂತು. ಲಂಡನ್ ಪ್ಯಾರಾಲಿಂಪಿಕ್ಸ್‌ನ ಹೈಜಂಪ್‌ನಲ್ಲಿ ಬೆಳ್ಳಿ ಗೆದ್ದ ಕರ್ನಾಟಕದ ಎಚ್.ಎನ್. ಗಿರೀಶ, ಪಾಯಿಂಟ್ ಲೆಕ್ಕದಲ್ಲಿ ತಾನು ಮುಂದಿದ್ದೇನೆ ಅಂತ ಕೋರ್ಟಿಗೆ ಹೋದರು. ಗಿರೀಶ ಅವರ ನೋವು ನನಗೆ ಅರ್ಥವಾಗುತ್ತದೆ, ಅವರ ಸಾಧನೆಗೆ ನಾನು ಕೈಮುಗಿಯುತ್ತೇನೆ. ತಪ್ಪು ಇಬ್ಬರದ್ದೂ ಅಲ್ಲ. ಗ್ರ್ಯಾಂಡ್‌ಸ್ಲಾಮ್ ಗೆದ್ದವರನ್ನೂ ಪ್ಯಾರಾಲಿಂಪಿಕ್ಸ್ ಪದಕ ಗೆದ್ದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಹೋಗಿ, ಇಬ್ಬರನ್ನೂ ಎದುರುಬದುರು ನಿಲ್ಲಿಸಿದ ನಿಯಮಗಳದ್ದು.

ಬೋಪಣ್ಣ ಅವರ ಹೆಸರು ಬಂತಲ್ಲ. 2024ರ ಜನವರಿಯಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು, ಡಬಲ್ಸ್ ನಂಬರ್ ಒನ್ ಆದಾಗ ನಾವೆಲ್ಲ ಕುಣಿದಾಡಿದೆವು. ಕುಣಿಯಬೇಕಾದದ್ದೇ. ಸಿಂಗಲ್ಸ್‌ನಲ್ಲಿ ಬೋಪಣ್ಣ ಮೊದಲ 200ರೊಳಗೆ ಬಂದವರಲ್ಲ. ಆದರೂ "ಸಿಂಗಲ್ಸ್‌ನಲ್ಲಿ ಆಗಲಿಲ್ಲ" ಅನ್ನುವ ಮಾತು ನನ್ನ ಸೋಶಿಯಲ್ ಮೀಡಿಯಾ ಗೋಡೆಯ ಮೇಲೆ ಒಂದೂ ಕಾಣಲಿಲ್ಲ. 27ನೇ ಸ್ಥಾನದವರೆಗೆ ಹೋದ ಸಾನಿಯಾಗೆ ಮಾತ್ರ ಯಾಕೆ ಆ ಮಾತು? ಬೋಪಣ್ಣ ಅವರೇ ಹಾಗೆ ನೋಡುವವರಲ್ಲ. ಸಾನಿಯಾಗೆ 14 ವರ್ಷ ಇದ್ದಾಗ ಮೊದಲ ಮಿಶ್ರ ಡಬಲ್ಸ್ ಜೋಡಿ ಬೋಪಣ್ಣ. 2023ರ ಆಸ್ಟ್ರೇಲಿಯನ್ ಓಪನ್‌ನಲ್ಲಿ, ಸಾನಿಯಾ ಅವರ ಕೊನೇ ಗ್ರ್ಯಾಂಡ್‌ಸ್ಲಾಮ್‌ನಲ್ಲಿ, ಇಬ್ಬರೂ ಮತ್ತೆ ಜೊತೆಯಾಗಿ ಫೈನಲ್‌ವರೆಗೆ ಹೋದರು. ಬ್ರೆಜಿಲ್‌ನ ಜೋಡಿಗೆ ಸೋತರು. ಸಾನಿಯಾಗೆ ಆಗ 36, ಅಂಗಳದಾಚೆ ನಾಲ್ಕು ವರ್ಷದ ಮಗ ನೋಡುತ್ತಿದ್ದ.

ಮಗನ ವಿಷಯ ಹೇಳಲೇಬೇಕು. 2018ರಲ್ಲಿ ಇಝಾನ್ ಹುಟ್ಟಿದ. 2020ರ ಜನವರಿಯಲ್ಲಿ ಹೋಬಾರ್ಟ್‌ನಲ್ಲಿ ನಾದಿಯಾ ಕಿಚೆನೊಕ್ ಜೊತೆ ವಾಪಸ್ ಬಂದ ಮೊದಲ ಟೂರ್ನಿಯಲ್ಲೇ ಪ್ರಶಸ್ತಿ. 2021ರಲ್ಲಿ ಒಸ್ಟ್ರಾವಾದಲ್ಲಿ ಝಾಂಗ್ ಶುವಾಯ್ ಜೊತೆ ಇನ್ನೊಂದು.

ಕೋಚ್‌ಗಳಿಗೆ, ಅಪ್ಪ ಅಮ್ಮಂದಿರಿಗೆ ನನ್ನ ಒಂದು ಕೋರಿಕೆ ಇದೆ. ದೇಶ ದೇಶಗಳ ಮಹಿಳಾ ತಂಡಗಳು ಆಡುವ ಫೆಡ್ ಕಪ್‌ನ (ಈಗಿನ ಹೆಸರು ಬಿಲ್ಲಿ ಜೀನ್ ಕಿಂಗ್ ಕಪ್) ಏಷ್ಯಾ–ಓಷಿಯಾನಿಯಾ ಗುಂಪಿನಲ್ಲಿ ಎರಡು ಸಿಂಗಲ್ಸ್, ಒಂದು ಡಬಲ್ಸ್. ಒಂದೊಂದು ಗೆದ್ದರೆ ದೇಶದ ಗೆಲುವು ನಿಲ್ಲುವುದು ಡಬಲ್ಸ್ ಮೇಲೆ. 2020ರ ಮಾರ್ಚ್‌ನಲ್ಲಿ ದುಬೈಯಲ್ಲಿ ಇಂಡೊನೇಷ್ಯಾ ಎದುರು ಹಾಗೇ ಆಯಿತು. 1-1 ಆಗಿತ್ತು. ಸಾನಿಯಾ ಮತ್ತು ಅಂಕಿತಾ ರೈನಾ 7-6, 6-0ರಿಂದ ಗೆದ್ದರು, ಭಾರತ ಮೊದಲ ಬಾರಿ ಪ್ಲೇಆಫ್ ಅನ್ನುವ ಮುಂದಿನ ಹಂತಕ್ಕೆ ಹೋಯಿತು. ಮುಂದಿನ ವರ್ಷ ಅಂಕಿತಾ ಮೆಲ್ಬರ್ನ್‌ನಲ್ಲಿ ಕಮಿಲಾ ರಖಿಮೋವಾ ಜೊತೆ ತಮ್ಮ ಮೊದಲ ಡಬ್ಲ್ಯುಟಿಎ ಡಬಲ್ಸ್ ಪ್ರಶಸ್ತಿ ಗೆದ್ದರು. ಹಾಗಾಗಿ ಅಕಾಡೆಮಿಗಳಲ್ಲಿ ಡಬಲ್ಸ್‌ಗೂ ಒಂದು ಸಮಯ ಇಡಿ. ಪ್ರಾಕ್ಟೀಸ್ ಮುಗಿದ ಮೇಲೆ ಉಳಿದ ಕಾಲು ಗಂಟೆ ಅಲ್ಲ, ಸರಿಯಾದ ಸಮಯ. ರಿಟರ್ನ್ ತಗ್ಗಿನಲ್ಲಿ ಇಡುವುದು, ನೆಟ್‌ನಲ್ಲಿ ನುಗ್ಗುವುದು, ಬೆನ್ನ ಹಿಂದಿನ ಸನ್ನೆ, ಇದನ್ನೆಲ್ಲ ಹತ್ತು ಹನ್ನೆರಡು ವರ್ಷಕ್ಕೇ ಕಲಿಸಿ. ಮಕ್ಕಳು ಟಿವಿ ಮುಂದೆ ಕೂತಾಗ ಚೆಂಡನ್ನು ಬಿಟ್ಟು ನೆಟ್ ಹತ್ತಿರ ನಿಂತವಳ ಕಾಲು ನೋಡಲು ಹೇಳಿ.